ಸೊಪ್ಪು ಉಡಿಸಿದ ಮೇಷ್ಟರಿಗೆ

ವೇದಿಕೆಗೆ ಬಂದ ಹುಡುಗಿಯ ಸೊಂಟಕ್ಕೆ ಸೊಪ್ಪು ಕಟ್ಟಿದ್ದರು, ಮುಖಕ್ಕೆಲ್ಲ ಮಸಿ ಬಳಿದಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಅವಳ ತಾಯಿ ಕಮಲ ನನ್ನ ಕೈ ಹಿಡಿದು, “ಅಕ್ಕಾ, ಲಂಗ ಎಲ್ಲಿ?” ಎಂದರು.

ತೊಂಬತ್ತರ ದಶಕದ ಕೊನೆಯಲ್ಲಿ, ಕಳಸದ ಹತ್ತಿರದ ಶಾಲೆಯೊಂದರ ವಾರ್ಷಿಕೋತ್ಸವ ಅದು. ಕಮಲ ಮಲೆಕುಡಿಯರು, ಘಟ್ಟದ ಕಾಡಂಚಿನ ಆದಿವಾಸಿ ಸಮುದಾಯದವರು. ಮಗಳು ಡ್ಯಾನ್ಸಿಗೆ ಸೇರಿದ್ದಾಳೆಂದು ನನ್ನ ಹೊಲಿಗೆ ಅಂಗಡಿಯಲ್ಲಿ ಜರಿ ಅಂಚಿನ ಹಸಿರು ಲಂಗ ಹೊಲಿಸಿದ್ದರು. ಅದನ್ನು ಕಣ್ತುಂಬ ನೋಡಲೆಂದೇ ಗುಡ್ಡ ಇಳಿದು ಬಂದಿದ್ದರು.

ಉಳಿದ ಹುಡುಗಿಯರೆಲ್ಲ ಲಂಗ ದಾವಣಿಯಲ್ಲಿ ಮಿಂಚುತ್ತಿದ್ದರು. ಇವಳೊಬ್ಬಳ ಕೈಗೆ ಬಿಲ್ಲು ಕೊಟ್ಟು, ಕೇಕೆ ಹಾಕಿಸಿ ಕುಣಿಸುತ್ತಿದ್ದರು. ಮೇಷ್ಟರೊಬ್ಬರು ಮೈಕಿನಲ್ಲಿ, “ಇವಳು ಅಪ್ಪಟ ಕಾಡಿನ ಹುಡುಗಿ, ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದಾಳೆ!” ಎಂದಾಗ ಜನ ಚಪ್ಪಾಳೆ ತಟ್ಟಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಓದಿ, ಓದಿಸುವವರ ಬುದ್ಧಿ ಇಷ್ಟೇನಾ? ನಾನು ಏಳುವಷ್ಟರಲ್ಲಿ ಕಮಲ ವೇದಿಕೆಯ ಮುಂದೆ ನಿಂತಾಗಿತ್ತು.

“ಸೊಪ್ಪನ್ನ ನಾವು ಕೊಟ್ಟಿಗೇಲಿ ದನದ ಕಾಲಡಿಗೆ ಹಾಸ್ತೀವಿ ಮೇಷ್ಟ್ರೇ. ಮಕ್ಕಳಿಗೆ ಬಟ್ಟೆನೇ ಹಾಕೋದು.”

ನಗು ನಿಂತಿತು. ಮಗಳನ್ನು ವೇದಿಕೆಯಿಂದ ಇಳಿಸಿಕೊಂಡು, ಅಲ್ಲೇ ಎಲ್ಲರೆದುರು ಸೆರಗಿನಿಂದ ಅವಳ ಮುಖದ ಮಸಿ ಒರೆಸಿದರು. ಯಾರೊಬ್ಬರೂ ತಪ್ಪಾಯಿತು ಎನ್ನಲಿಲ್ಲ. ಮುಂದಿನ ಹಾಡು ಹಾಕಿದರು, ಅಷ್ಟೆ.

ಆಮೇಲೂ ಎಷ್ಟೋ ಸಲ ಶಾಲೆಗಳವರು ನನ್ನ ಅಂಗಡಿಗೆ ಬಂದು, ಆದಿವಾಸಿಗಳ ಡ್ಯಾನ್ಸಿಗೆ ಡ್ರೆಸ್ ಬೇಕು ಎಂದಿದ್ದಾರೆ. ನನ್ನ ಉತ್ತರ ಒಂದೇ: “ಹಸಿರು ಲಂಗ, ಜರಿ ಅಂಚು. ಬೇಕಾದ್ರೆ ಹೊಲಿದು ಕೊಡ್ತೀನಿ.”