ಎರಡು ಹನಿ ಎಣ್ಣೆ

ಆ ಬ್ಯಾಂಡಿನವರ ಪೈಕಿ ಒಂದು ಹನಿಯನ್ನೂ ಕುಡಿಯದವನು ಅವನೊಬ್ಬನೇ. ಆದರೂ ಎಲ್ಲರ ಬಾಯಲ್ಲಿ ಅವನ ಹೆಸರು ಎಣ್ಣೆ. ಕಸುಬು ಹೊಲಿಗೆ ಮಷಿನ್ ರಿಪೇರಿ. ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿಯೊಂದು ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು. ಕಾರ್ಯಕ್ರಮ ಶುರುವಾಗುವ ಮುಂಚೆ ಯಾರಾದರೂ "ಎಣ್ಣೆ ಎಲ್ಲಿ, ಎಣ್ಣೆ ಕರೀರಿ" ಎಂದು ಕೂಗಿದರೆ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಮೇಲೆ ಈ ಸಣಕಲು ಮನುಷ್ಯ ಸ್ಕ್ರೂಡ್ರೈವರ್ ಹಿಡಿದು ಬಂದರೆ ಅವರಿಗೆ ನಿರಾಸೆಯೇ ಆಗುತ್ತಿತ್ತೇನೋ.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದ್ದು. ದರ್ಜಿಗಳು ಮಷಿನ್ ತಂದು ಬಾಗಿಲಲ್ಲಿ ಇಳಿಸುವಷ್ಟರಲ್ಲೇ ಅದರ ರೋಗ ಯಾವುದೆಂದು ಅವನು ಒಳಗಿನಿಂದಲೇ ಹೇಳುತ್ತಿದ್ದ. ಚಕ್ರ ಒಂದು ಸುತ್ತು ಬಂದರೆ ಸಾಕು, ಎಲ್ಲಿ ಉಜ್ಜುತ್ತಿದೆ, ಎಲ್ಲಿ ಒಣಗಿದೆ ಎಂಬುದು ಅವನ ಕಿವಿಗೆ ಬೀಳುತ್ತಿತ್ತು. ಸದ್ದು ಅಡಗಿಸುವುದೇ ಅವನ ಬದುಕು. ಅದರಲ್ಲಿ ಅವನಿಗೆ ಒಂದಿಷ್ಟು ಜಂಬವೂ ಇತ್ತು.

ಅದಕ್ಕೂ ಮೊದಲು ಅವನು ಸದ್ದು ಮಾಡುವವನಾಗಿದ್ದ. ಇಪ್ಪತ್ತೆರಡರ ವಯಸ್ಸಿನಲ್ಲಿ ಅದೇ ಬ್ಯಾಂಡಿನ ಮೊದಲ ಡ್ರಮ್ಮರ್ ಅವನೇ. ಅಪ್ಪನಿಗೆ ಲಕ್ವ ಹೊಡೆದು ಒಂದು ಬದಿ ಬಿದ್ದುಹೋಗಿ ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲದಾಗ, ಅಕ್ಕನ ಗಂಡನ ಕೈಗೆ ಕೋಲುಗಳನ್ನು ಕೊಟ್ಟು, "ಎರಡು ವಾರ ನೋಡ್ಕೊಳ್ಳಿ ಭಾವ, ಬಂದ್ಬಿಡ್ತೀನಿ" ಎಂದಿದ್ದ. ಭಾವ ಬಸ್ ಡಿಪೋದಲ್ಲಿ ಗುಮಾಸ್ತರು; ಮೇಜಿನ ಮೇಲೆ ಬೆರಳು ಕುಟ್ಟುವುದರಲ್ಲಿ ನಿಸ್ಸೀಮರು. ಅವರ ಬಳಿ ಸ್ವಂತ ಸಾಮಾನು ಇರಲಿಲ್ಲವೆಂದು ದೊಡ್ಡ ಡ್ರಮ್ಮನ್ನು ಕಾಲಲ್ಲಿ ತುಳಿದು ಬಾರಿಸುವ ತನ್ನ ಪೆಡಲನ್ನೂ ಬಿಟ್ಟುಬಂದ. ಎರಡು ವಾರ ಮೂವತ್ತಾರು ವರ್ಷವಾಯಿತು. ಅವನನ್ನು ಯಾರೂ ತಳ್ಳಲಿಲ್ಲ, ಯಾರೂ ವಾಪಸು ಕರೆಯಲೂ ಇಲ್ಲ. ಯಾರದಾದರೂ ತಪ್ಪಿದ್ದಿದ್ದರೆ ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವನು ತಂತಿ ಬಿಗಿಯುತ್ತ, ಸ್ಟ್ಯಾಂಡು ನಿಲ್ಲಿಸುತ್ತ ಬ್ಯಾಂಡಿನ ಅಂಚಿನಲ್ಲೇ ಉಳಿದ. ಹೊಟ್ಟೆಕಿಚ್ಚು ಇರಲಿಲ್ಲವೇ ಎಂದರೆ, ಇತ್ತು. ಪ್ರತಿ ಕಾರ್ಯಕ್ರಮದಲ್ಲೂ ಮೊದಲ ಹಾಡಿನ ಮೊದಲ ಪೆಟ್ಟಿಗೆ ಅವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಈಗ ಬ್ಯಾಂಡಿನವರೆಲ್ಲ ಅರವತ್ತರ ಆಚೀಚೆ. ಇಷ್ಟು ವರ್ಷ ಅಬ್ಬರದ ರಾಕ್ ಬಾರಿಸಿದವರಿಗೆ, ತಾವು ಹುಡುಗರಾಗಿದ್ದಾಗ ಕದ್ದು ಕೇಳಿ ಕಲಿತ ನೋವು ತುಂಬಿದ ಹಳೆಯ ಬ್ಲೂಸ್ ಹಾಡುಗಳದೇ ಒಂದು ಆಲ್ಬಮ್ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ಅದೂ ಹೇಗೆ? ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಉಸಿರಿಗೆ ಬಾರಿಸುವುದು. ಆಮೇಲೆ ತೇಪೆ ಹಾಕುವಂತಿಲ್ಲ. ಸ್ಟುಡಿಯೋ ಸಿಕ್ಕಿದ್ದು ಮೂರೇ ದಿನಕ್ಕೆ, ಹಾಡುಗಳು ಹತ್ತು.

ಸ್ಟುಡಿಯೋ ಮೊದಲು ಗೋದಾಮಾಗಿತ್ತು. ಗೋಡೆಗೆಲ್ಲ ಹಳೆಯ ಜಮಖಾನ, ಬಾಗಿಲ ಮೇಲೆ ಕೆಂಪು ಬಲ್ಬು, ಒಂದು ಬದಿಗೆ ದಪ್ಪ ಗಾಜು, ಗಾಜಿನಾಚೆ ಧ್ವನಿಮುದ್ರಣ ಮಾಡುವ ಮೇಡಂ. ಆಕೆ ಮೊದಲ ಬೆಳಿಗ್ಗೆಯೇ ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಇಲ್ಲಿ ಒಬ್ಬರ ಸದ್ದು ಎಲ್ಲರ ಮೈಕಿಗೂ ಸೋರುತ್ತದೆ, ಒಬ್ಬರು ತಪ್ಪಿದರೆ ನಾಲ್ವರದೂ ಹಾಳು. ಭಾವ ಕಾಲು ಪಳಗಿಸಿಕೊಳ್ಳಲು ಒಂದೆರಡು ಪೆಟ್ಟು ಹಾಕಿ ಕೈ ತೊಳೆಯಲು ಹೊರಗೆ ಹೋದರು. ಆ ಹೊತ್ತಿಗೆ ಗಾಜಿನಾಚೆಯಿಂದ ಮೇಡಂ ದನಿ ಬಂತು. "ಆ ಡ್ರಮ್ಮಿನ ಹತ್ರ ಏನೋ ಕಿರುಗುಟ್ತಿದೆ. ಯಾರಾದ್ರೂ ನೋಡಿ."

ಯಾರಾದರೂ ಎಂದರೆ ಇನ್ಯಾರು. ಪೆಡಲ್ ತುಳಿದಾಗ ಸದ್ದಿಲ್ಲ; ಕಾಲೆತ್ತಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತಿತ್ತು, ಸ್ಪ್ರಿಂಗಿನ ಕೊಕ್ಕೆ 'ಕಿರ್' ಎನ್ನುತ್ತಿತ್ತು. ಅವನ ಕಾಲದಿಂದಲೂ ಇದ್ದ ಸದ್ದು ಅದು. ಹಿಂದೆ ಎರಡು ಸಲ ಎಣ್ಣೆ ಬಿಡಲು ಹೋದಾಗ ಭಾವ, "ಇರ್ಲಿ ಬಿಡೋ, ಯಾರಿಗೆ ಕೇಳ್ಸುತ್ತೆ" ಎಂದಿದ್ದರು. ಈಗ ಇಡೀ ಜಗತ್ತಿಗೇ ಕೇಳಿಸುವಂತಿತ್ತು. ಅವನು ಮಂಡಿಯೂರಿ ಕೊಕ್ಕೆಗೆ ಎರಡು ಹನಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ, ಕೈಯಲ್ಲಿ ಒತ್ತಿ ನೋಡಿದ. ಪಿಟ್ಟೆನ್ನಲಿಲ್ಲ. ಮೇಡಂ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿದರು. ಅವನ ಮುಖ ಅರಳಿತು.

ಮೊದಲ ಹಾಡೇ ನಿಧಾನದ್ದು. ಪೆಟ್ಟಿಗೂ ಪೆಟ್ಟಿಗೂ ನಡುವೆ ಒಬ್ಬ ಮನುಷ್ಯ ನಿಟ್ಟುಸಿರು ಬಿಟ್ಟು ಮುಗಿಸುವಷ್ಟು ಅಂತರ. ಮೊದಲ ಟೇಕಿನಲ್ಲಿ ಭಾವ ಎರಡನೇ ಸಾಲಿಗೇ ತಾಳ ತಪ್ಪಿ ಮುಂದೆ ಓಡಿದರು. ಮೊದಲ ಟೇಕ್ ಎಂದು ಎಲ್ಲರೂ ನಕ್ಕರು. ಎರಡನೆಯದರಲ್ಲಿ ಹಿಂದೆ ಬಿದ್ದರು. ಮೂರನೆಯದು, ನಾಲ್ಕನೆಯದು. ಐದನೆಯದರಲ್ಲಿ ಹಾಡುಗಾರ ಸಾಲಿನ ನಡುವೆ ನಿಲ್ಲಿಸಿ ಮೈಕಿನಿಂದ ಮುಖ ತಿರುಗಿಸಿಕೊಂಡ. ಆರನೆಯದಕ್ಕೆ ಬಾಸ್ ಗಿಟಾರಿನವನು ಭಾವನ ಕಾಲನ್ನೇ ದಿಟ್ಟಿಸಲು ಶುರುಮಾಡಿದ. ಮೂವತ್ತಾರು ವರ್ಷದಲ್ಲಿ ಆ ಕಾಲನ್ನು ನೋಡಬೇಕಾದ ಅಗತ್ಯ ಅವನಿಗೆ ಬಿದ್ದಿರಲಿಲ್ಲ.

ಎಂಟನೇ ಟೇಕೂ ಮುರಿಯಿತು. ಭಾವ ತಮ್ಮ ಬಲಗಾಲನ್ನು ಬೇರೆ ಯಾರದೋ ಕಾಲಿನಂತೆ ನೋಡುತ್ತ ಕೂತಿದ್ದರು. ಅವರಪ್ಪನಿಗೆ ಇದೇ ವಯಸ್ಸಿನಲ್ಲಿ ಕೈ ನಡುಕ ಬಂದಿತ್ತು. ಕೊನೆಗೆ ಲೋಟ ಹಿಡಿಯಲೂ ಆಗದ ಸ್ಥಿತಿಯಲ್ಲಿ ತೀರಿಕೊಂಡಿದ್ದರು. ಭಾವನ ತಲೆಯಲ್ಲಿ ಓಡುತ್ತಿದ್ದದ್ದು ಅದೇ ಎಂದು ಎಣ್ಣೆಗೆ ಗೊತ್ತಿತ್ತು, ಅಕ್ಕ ಎಷ್ಟೋ ಸಲ ಹೇಳಿದ್ದಳು.

ಊಟದ ಹೊತ್ತಿಗೆ ಭಾವ ಬರಲಿಲ್ಲ. ಹುಡುಕಿಕೊಂಡು ಹೋದರೆ ಸ್ಟುಡಿಯೋ ಪಕ್ಕದ ಓಣಿಯ ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತು ಮಂಡಿಯ ಮೇಲೆ ಅಂಗೈಯಲ್ಲಿ ತಾಳ ಹಾಕುತ್ತಿದ್ದರು. ಎಣ್ಣೆ ದೂರದಲ್ಲೇ ನಿಂತ. ತಾಳ ಒಂದಿಷ್ಟೂ ಅಲುಗುತ್ತಿರಲಿಲ್ಲ! ಟಪ್ ಎಂದು ತಟ್ಟಿ, ಕೈ ಮೇಲೆತ್ತುವಾಗ ಭಾವ ತುಟಿ ಮುಂದೆ ಮಾಡಿ ಮೆಲ್ಲಗೆ 'ಕಿರ್' ಎನ್ನುತ್ತಿದ್ದರು. ಟಪ್, ಕಿರ್. ಟಪ್, ಕಿರ್. ತಾವು ಹಾಗನ್ನುತ್ತಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ.

ಎಣ್ಣೆಗೆ ಆಗ ಹೊಳೆಯಿತು. ಪೆಟ್ಟುಗಳ ನಡುವಿನ ಆ ಉದ್ದದ ಖಾಲಿಯನ್ನು ಭಾವ ಇಷ್ಟು ವರ್ಷ ಸರಿಯಾಗಿ ಎರಡು ಭಾಗ ಮಾಡುತ್ತಿದ್ದದ್ದು ಆ ಕೊಕ್ಕೆಯ ಸದ್ದಿನಿಂದ. ಜೋರು ಹಾಡುಗಳಲ್ಲಿ ಅದಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈ ನಿಧಾನದ ಹಾಡಿನಲ್ಲಿ ಅದಿಲ್ಲದೆ ಅವರು ಕತ್ತಲಲ್ಲಿ ಮೆಟ್ಟಿಲು ಇಳಿಯುವವರಂತೆ ತಡವರಿಸುತ್ತಿದ್ದರು. ಕಾಲು ಕೈಕೊಟ್ಟಿರಲಿಲ್ಲ, ಕಿವಿಯೂ ಕೈಕೊಟ್ಟಿರಲಿಲ್ಲ. ಕೈಕೊಟ್ಟವನು ಅವನು.

ಹೇಳಿಬಿಡಬೇಕೆಂದು ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಹಾಡುಗಾರ ಹಿಂದಿನಿಂದ ಬಂದು ಅವನ ರಟ್ಟೆ ಹಿಡಿದು ಮೂಲೆಗೆ ಕರೆದೊಯ್ದ. ಭಾವನಿಗೆ ವಯಸ್ಸಾಯಿತು, ಇವತ್ತೊಂದು ದಿನ ಹೋದರೆ ಆಲ್ಬಮ್ಮೇ ಹೋಯಿತು, ಮೇಡಂ ಹೊರಗಿನ ಯಾರನ್ನೋ ಕರೆಸುತ್ತೇನೆ ಅನ್ನುತ್ತಿದ್ದಾರೆ ಎಂದೆಲ್ಲ ಗೊಣಗಿ ಕೊನೆಗೆ ಕೇಳಿದ. "ಹತ್ತು ಹಾಡೂ ನಿಂಗೆ ಬರುತ್ತೆ. ನೀನೇ ಕೂತ್ಕೊಳ್ಳೋ. ಮೊದ್ಲು ನಿಂದೇ ತಾನೆ ಆ ಜಾಗ."

ಆಗ ಹೇಳಬಹುದಿತ್ತು. ಒಂದೇ ಒಂದು ಮಾತು, ಎಣ್ಣೆ ಬಿಟ್ಟಿದ್ದೀನಿ ಅಂತ. ಆದರೆ ಮೂವತ್ತಾರು ವರ್ಷದಿಂದ ಯಾರಾದರೂ ಇದನ್ನು ಕೇಳಲಿ ಎಂದು ಅವನು ಕಾದಿದ್ದ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಒಂದು ಸಲ ಕೂತು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೆಂದು ಅವನಿಗೆ ಆಗಲೇ ಗೊತ್ತಿತ್ತು.

ಕೂತ. ಭಾವ ಗಾಜಿನಾಚೆ ಮೇಡಂ ಪಕ್ಕದಲ್ಲಿ ನಿಂತರು. ಕೆಂಪು ಬಲ್ಬು ಹತ್ತಿತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವಾಗ ಅವನ ದನಿ ನಡುಗಿತು, ಕಾಲು ನಡುಗಲಿಲ್ಲ. ಬೇಸಗೆಯ ಮಧ್ಯಾಹ್ನ ದರ್ಜಿಯೊಬ್ಬ ಆರಾಮಾಗಿ ಮಷಿನ್ ತುಳಿಯುವ ಹಾಗೆ ತುಳಿದ. ಬಾಸಿನವನು ಕಣ್ಣು ಮುಚ್ಚಿಕೊಂಡು ಅವನ ತಾಳದ ಮೇಲೆ ಭಾರ ಬಿಟ್ಟ. ಹಾಡುಗಾರ ಬೆಳಿಗ್ಗೆಯಿಂದ ಸಿಗದಿದ್ದ ದನಿಯಲ್ಲಿ ಹಾಡಿದ. ನಾಲ್ಕೂವರೆ ನಿಮಿಷ ಎಲ್ಲೂ ಮುರಿಯದೆ ಹಾಡು ದಡ ಸೇರಿತು. ಅವನಿಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ. ಅಪ್ಪ ಬಿದ್ದ ದಿನದಿಂದ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಬಲ್ಬು ಆರಿತು. ಹಾಡುಗಾರ ಬೆನ್ನಿಗೆ ಬಡಿದು ಎಲ್ಲರನ್ನೂ ಕರೆದುಕೊಂಡು ಚಹಾಕ್ಕೆ ಹೋದ. ಭಾವ ಒಳಗೆ ಬಂದರು, ಕೈಯಲ್ಲಿ ಕೋಲುಗಳ ಚೀಲ.

"ಚೆನ್ನಾಗಿ ಬಂತು ಕಣೋ," ಎಂದು ಚೀಲವನ್ನು ಅವನ ತೊಡೆಯ ಮೇಲಿಟ್ಟರು. "ಎರಡು ವಾರ ಅಂದಿದ್ದೆ ನೀನು. ಸ್ವಲ್ಪ ಜಾಸ್ತಿ ಆಗ್ಹೋಯ್ತು."

ವ್ಯಂಗ್ಯವಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರು ನಿಜವಾಗಿಯೂ ಸಾಲ ತೀರಿಸಿದವರಂತೆ ಹೇಳಿ ಬಾಗಿಲ ಕಡೆ ತಿರುಗಿದರು.

"ಭಾವ," ಎಂದ. "ಬೆಳಿಗ್ಗೆ ನಾನು ಎಣ್ಣೆ ಹಾಕಿದೆ."

ಭಾವ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ಬೆಳಿಗ್ಗೆ ಬೆಳಿಗ್ಗೇನಾ?"

"ಪೆಡಲ್‌ಗೆ ಭಾವ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭಾವ ಹತ್ತಿರ ಬಂದು, ಬಗ್ಗಿ, ಪೆಡಲನ್ನು ಕೈಯಿಂದ ಒತ್ತಿ ಬಿಟ್ಟರು. ಮತ್ತೆ ಒತ್ತಿ ಬಿಟ್ಟರು. ಅವರ ತುಟಿ ತಾನಾಗಿ ಮುಂದೆ ಬಂತು, ಸದ್ದು ಹೊರಡುವ ಮುಂಚೆ ಅಲ್ಲೇ ನಿಂತಿತು. ಅರ್ಥವಾಗಲು ಅಷ್ಟು ಸಾಕಾಯಿತು. ತಮ್ಮ ಬಲಗಾಲನ್ನು ಒಮ್ಮೆ ಸವರಿಕೊಂಡರು. ಕಾಲು ಉಳಿದಿತ್ತು. ಆಮೇಲೆ ತಲೆ ಎತ್ತದೆ ಕೇಳಿದರು.

"ಯಾವಾಗ ಗೊತ್ತಾಯ್ತು ನಿಂಗೆ?"

ಈಗಷ್ಟೇ ಎಂದಿದ್ದರೆ ನಂಬುತ್ತಿದ್ದರು. ನಂಬುವ ಮನುಷ್ಯ ಅವರು.

"ಊಟದ ಹೊತ್ತಿಗೆ," ಎಂದ.

"ಕೂತ್ಕೊಳ್ಳೋಕೆ ಮುಂಚೆ."

"ಹೌದು ಭಾವ. ಮುಂಚೆನೇ."

ಒಂದು ಬೈಗುಳಕ್ಕಾಗಿ ಅವನ ಜೀವ ಹಂಬಲಿಸಿತು. ಬರಲಿಲ್ಲ. ಭಾವ ಪೆಡಲನ್ನು ಬಿಚ್ಚಿ ಅವನ ಮುಂದೆ ಇಟ್ಟು, "ತೆಗಿ ಅದನ್ನ" ಎಂದಷ್ಟೇ ಹೇಳಿ ಹೊರಗೆ ಹೋದರು.

ಎಣ್ಣೆ ಬಿಡುವುದು ಗೊತ್ತಿತ್ತು, ತೆಗೆಯುವುದು ಗೊತ್ತಿರಲಿಲ್ಲ. ಟೇಪ್ ಯಂತ್ರ ಒರೆಸುವ ಸ್ಪಿರಿಟ್ಟನ್ನು ಮೇಡಂ ಅವರನ್ನು ಕೇಳಿ ಪಡೆದು, ಕೈತೊಳೆಯುವ ಬೇಸಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೊಕ್ಕೆಯನ್ನು ತೊಳೆದ. ಒಣಗಿಸಿ ಎಳೆದು ನೋಡಿದರೆ ಸದ್ದಿಲ್ಲ. ಮತ್ತೆ ತೊಳೆದ. ಅರದಿಂದ ಕೊಕ್ಕೆಯ ಒಳಭಾಗವನ್ನು ಒಂದಿಷ್ಟು ತರಿತರಿ ಮಾಡಿದ. ಸದ್ದಿಲ್ಲ. ಊರಿನ ಅಷ್ಟೂ ಮಷಿನ್‌ಗಳ ಬಾಯಿ ಮುಚ್ಚಿಸಿದ ಕೈಗಳು ಒಂದು ತುಂಡು ತಂತಿಯ ಬಾಯಿ ಬಿಡಿಸಲಾಗದೆ ಬೆವೆತವು. ಹಾಡುಗಾರ ಬಂದು, ಚೆನ್ನಾಗಿ ನಡೆಯುತ್ತಿದ್ದದ್ದನ್ನು ಯಾಕೆ ಹಾಳುಮಾಡುತ್ತೀಯ ಎಂದು ಕೂಗಾಡಿದ. ಎಣ್ಣೆ ತಲೆಯೆತ್ತದೆ, ತಾನು ಬೆಳಿಗ್ಗೆ ಮಾಡಿದ್ದನ್ನೂ ಮಧ್ಯಾಹ್ನ ಬಾಯಿಗೆ ಬೀಗ ಹಾಕಿಕೊಂಡದ್ದನ್ನೂ ಅಲ್ಲಿದ್ದ ಎಲ್ಲರಿಗೂ ಹೇಳಿಬಿಟ್ಟ. ಹಾಡುಗಾರನ ಕೂಗು ನಿಂತಿತು.

"ನಾನು ಬಾರಿಸಿದ್ದನ್ನ ಅಳಿಸ್ಬಿಡಿ ಮೇಡಂ," ಎಂದ. "ಇನ್ನು ಇದು ಕಿರುಗುಟ್ಟುತ್ತೆ. ಕಿರುಗುಟ್ಲೇಬೇಕು."

ಕೊಕ್ಕೆಯನ್ನು ತಿರುಗಿಸಿ, ಮೊದಲು ಉಜ್ಜುತ್ತಿದ್ದ ಹಳೆಯ ಸವೆದ ಜಾಗಕ್ಕೇ ಮತ್ತೆ ಸಿಕ್ಕಿಸಿದಾಗ, ನಾಲ್ಕು ಗಂಟೆಯ ಹೊತ್ತಿಗೆ, ಅದು ಕೊನೆಗೂ ಅಂದಿತು. ಕಿರ್. ಓಣಿಯ ಕೊನೆಯ ಬೆಂಚಿನಲ್ಲಿದ್ದ ಭಾವ ಆ ಸದ್ದಿಗೇ ಎದ್ದು ಬಂದರು. ಅವನ ಕೈಯಿಂದ ಪೆಡಲ್ ತೆಗೆದುಕೊಂಡರು, ಮುಖ ನೋಡಲಿಲ್ಲ.

ಹಾಡು ಒಂದೇ ಟೇಕಿಗೆ ಮುಗಿಯಿತು. ಎಣ್ಣೆ ಬಾಗಿಲಿಗೆ ಒರಗಿ ನಿಂತು ಕೇಳಿದ. ತಾನು ಬಾರಿಸಿದ್ದು ಸರಿಯಾಗಿತ್ತು, ಅಷ್ಟೇ. ಭಾವನ ಕೈಯಲ್ಲಿ ಆ ಹಾಡು ನೋಯುತ್ತಿತ್ತು. ಅದನ್ನು ಒಪ್ಪಿಕೊಳ್ಳಲು ಅವನಿಗೆ ಮೂವತ್ತಾರು ವರ್ಷ ಬೇಕಾಯಿತು.

ಮರುದಿನವೂ ಭಾವ ಅವನೊಡನೆ ಮಾತಾಡಲಿಲ್ಲ. ಸ್ಟ್ಯಾಂಡು ಸರಿಸಬೇಕಾದರೆ ತಾವೇ ಎದ್ದು ಸರಿಸಿಕೊಂಡರು. ಅಕ್ಕ ಫೋನು ಮಾಡಿ, ನಿಮ್ಮಿಬ್ಬರಿಗೆ ಏನಾಗಿದೆ, ಇವರು ಮನೆಯಲ್ಲಿ ತುಟಿ ಬಿಚ್ಚುತ್ತಿಲ್ಲ ಎಂದು ಕೇಳಿದಳು. ನನ್ನದೇ ತಪ್ಪು ಎಂದ. ಏನು ತಪ್ಪೆಂದು ಕೇಳಿದ್ದಕ್ಕೆ ಹೇಳಿದ. ಆಕೆ ಫೋನು ಇಟ್ಟುಬಿಟ್ಟಳು. ಮೂರನೆಯ ದಿನ ಅವನು ಎಣ್ಣೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದ. ಜೇಬು ಮುಟ್ಟಿಕೊಂಡಾಗಲೆಲ್ಲ ಏನೋ ಕಳೆದುಕೊಂಡವನಂತೆ ಬೆಚ್ಚುತ್ತಿದ್ದ.

ಆ ಸಂಜೆ ಹತ್ತೂ ಹಾಡು ಮುಗಿದವು. ಎಲ್ಲರೂ ಗಾಜಿನಾಚೆಯ ಇಕ್ಕಟ್ಟಿನ ಕೋಣೆಯಲ್ಲಿ ಸೇರಿ ಮೊದಲಿನಿಂದ ಕೇಳತೊಡಗಿದರು. ಎಣ್ಣೆ ಬಾಗಿಲಾಚೆ, ಕಾಣದ ಹಾಗೆ ನಿಂತಿದ್ದ. ಮೊದಲ ಹಾಡಿನ ಕೊನೆಯ ಪೆಟ್ಟು ಬಿತ್ತು. ಗಿಟಾರಿನ ದನಿ ಕರಗುತ್ತ ಕರಗುತ್ತ ಇನ್ನೇನು ಇಲ್ಲವಾಗುವಷ್ಟರಲ್ಲಿ ಪೆಡಲ್ ಮೇಲೆದ್ದಿತು. ಕಿರ್.

ಹಾಡುಗಾರ ಮುಖ ಕಿವುಚಿದ. ಉಳಿದದ್ದನ್ನು ತೆಗೆಯಲಾಗದು, ಎಲ್ಲರ ಮೈಕಿಗೂ ಸೋರಿದೆ, ಆದರೆ ಈ ಕೊನೆಯ ಒಂದನ್ನು ಕತ್ತರಿಸಬಹುದು ಎಂದರು ಮೇಡಂ. ಅವರ ಕೈ ಗುಂಡಿಯ ಮೇಲೆ ಹೋಯಿತು.

"ಬೇಡ ಮೇಡಂ," ಎಂದರು ಭಾವ. ಬಾಗಿಲಾಚೆಗೂ ಕೇಳಲಿ ಎಂಬಂತೆ ದನಿ ಒಂದಿಷ್ಟು ಎತ್ತರಿಸಿ ಹೇಳಿದರು. "ಅದು ನಮ್ಮ ಬಾಮೈದಂದು. ಇರ್ಲಿ."