ಪೇಟ ಯಾರ ತಲೆಗೆ

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಲ್ಲಿದ್ದ ಪಂಪ್‌ಸೆಟ್ ಕಂಪನಿಯೊಂದರ ಶಾಖೆಯಲ್ಲಿ ನಾನು ಆಫೀಸ್ ಅಸಿಸ್ಟೆಂಟ್. ಅಲ್ಲಿ ಹುದ್ದೆಗಳಿಗೇನೂ ಬರವಿರಲಿಲ್ಲ. ಸೀನಿಯರ್ ಎಕ್ಸಿಕ್ಯುಟಿವ್ ಎಂದರೆ ಮ್ಯಾನೇಜರರ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುವವರು. ಕೋ-ಆರ್ಡಿನೇಟರ್ ಎಂದರೆ ಫೋನೆತ್ತಿ "ಸಾಹೇಬರು ಏರಿಯಾಕ್ಕೆ ಹೋಗಿದ್ದಾರೆ" ಎನ್ನುವವರು. ಏರಿಯಾ ಮ್ಯಾನೇಜರ್ ಎಂದರೆ ಆ ಸಾಹೇಬರು. ಅವರ ಮುಖವನ್ನು ಏರಿಯಾ ಮಾತ್ರ ಕಂಡಿರಲಿಲ್ಲ. ಉಳಿದದ್ದೆಲ್ಲ ಅಸಿಸ್ಟೆಂಟಿನ ಪಾಲು. ಕಿರಂಗೂರಿನಲ್ಲಿ ಮೋಟರು ಸುಟ್ಟರೆ ಮೆಕ್ಯಾನಿಕ್ಕನ್ನು ಹೊರಡಿಸಿಕೊಂಡು ಬಸ್ಸು ಹತ್ತುವವಳು ನಾನು. ಶೀಳನೆರೆಯ ಗದ್ದೆ ಬದುವಿನ ಮೇಲೆ ಸೀರೆ ಎತ್ತಿ ಸಿಕ್ಕಿಸಿ ನಿಂತು ಬೈಸಿಕೊಳ್ಳುವವಳೂ ನಾನೇ.

ಆ ವರ್ಷ ಸಾಹೇಬರಿಗೆ ವರ್ಗದ ಆರ್ಡರ್ ಬಂತು. ಅವರ ಕುರ್ಚಿ ನನಗೆ ಬೇಕಿತ್ತು. ಊಟ ಸೇರದಷ್ಟು ಬೇಕಿತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

ಅವರು ನಕ್ಕರು. "ಹೆಂಗಸು ಮ್ಯಾನೇಜರ್ ಅಂದ್ರೆ ಡೀಲರುಗಳು ಒಪ್ಪಲ್ಲಮ್ಮ. ಹೆಡ್ಡಾಫೀಸಿಗೂ ಅದನ್ನೇ ಹೇಳಿದ್ದೀನಿ. ನನ್ನ ಭಾವಮೈದ ಬರ್ತಾನೆ."

ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನ ಕೆ.ಆರ್. ಪೇಟೆ ಕಡೆಯ ಬಸ್ಸು ಹತ್ತಿದೆ, ಯಾರದೋ ಮೋಟರು ನಿಂತಿತ್ತು.

ಆ ವಾರವೇ ನಾಗಮಂಗಲದಲ್ಲಿ ನಮ್ಮ ಡೀಲರೊಬ್ಬರು ದೊಡ್ಡ ಅಂಗಡಿ ತೆರೆದರು. ಬೆಂಗಳೂರಿನಿಂದ ಡೈರೆಕ್ಟರ್ ಬಂದಿದ್ದರು. ನಮ್ಮ ಏರಿಯಾದ ನಾಲ್ಕೂ ತಾಲ್ಲೂಕಿನ ಡೀಲರುಗಳು, ರೈತರು ಶಾಮಿಯಾನದ ತುಂಬ ಸೇರಿದ್ದರು. ನಮ್ಮ ಕಡೆ ಸಮಾರಂಭವೆಂದ ಮೇಲೆ ಹಾರ, ಶಾಲು, ಮೈಸೂರು ಪೇಟ ಇರಲೇಬೇಕು. ಮೊದಲು ಡೈರೆಕ್ಟರಿಗೆ ಹಾಕಿದರು. "ಈಗ ನಮ್ಮ ಏರಿಯಾ ಮ್ಯಾನೇಜರಿಗೆ ಸನ್ಮಾನ" ಎಂದು ಮೈಕು ಕೂಗಿದ್ದೇ ತಡ, ಸಾಹೇಬರು ಕೂದಲು ಸರಿಮಾಡಿಕೊಂಡು ಎದ್ದು ಕತ್ತು ಬಗ್ಗಿಸಿದರು.

ಅಂಗಡಿಯ ಯಜಮಾನರು ಹಾರ, ಪೇಟ ಹಿಡಿದು ಬಂದವರು, "ವಸಿ ಜರುಗಿ ಸಾ, ಮ್ಯಾನೇಜರ್ ಅಮ್ಮಾರು ಹಿಂದ್ಗಡೆ ಕುಂತವ್ರೆ" ಎಂದು ಅವರನ್ನು ದಾಟಿ ನೇರ ನನ್ನ ಹತ್ತಿರ ಬಂದು ವೇದಿಕೆಗೆ ಕರೆದೊಯ್ದರು. ಪೇಟ ನನ್ನ ತುರುಬಿನ ಮೇಲೆ ಕೂರಲೊಲ್ಲದು. ಅವರು ಬಿಡದೆ ಒತ್ತಿ ಒತ್ತಿ ಕೂರಿಸಿದರು. ಶೀಳನೆರೆಯವರು ಶಿಳ್ಳೆ ಹೊಡೆದರು.

"ಅವಳಲ್ಲ ಕಣ್ರೀ, ಮ್ಯಾನೇಜರ್ ನಾನು!" ಸಾಹೇಬರ ಮುಖ ಕೆಂಪಾಗಿತ್ತು.

ಯಜಮಾನರು ಕಕ್ಕಾಬಿಕ್ಕಿಯಾದರು. ಡೈರೆಕ್ಟರ್ ಯಜಮಾನರನ್ನು ಹತ್ತಿರ ಕರೆದು, "ಈಕೆ ಮ್ಯಾನೇಜರ್ ಅಂತ ಯಾರು ಹೇಳಿದ್ರು?" ಎಂದು ಕೇಳಿದರು.

"ಅದ್ನ ಯೋಳ್ಬೇಕಾ ಸಾ? ಮೋಟ್ರು ಕೆಟ್ರೆ ಓಡ್ಬರೋರು ಇವ್ರೇ. ನಮ್ ಕೈಲಿ ಉಗುಸ್ಕಂಡು, ಸರಿಮಾಡ್ಸ್ಕೊಟ್ಟು ಓಗೋರೂ ಇವ್ರೇ. ಈವಯ್ಯನ್ನ ನಾನ್ ಕಣ್ಣಲ್ಲಿ ನೋಡ್ತಿರೋದೇ ಇವತ್ತು!"

ಶಾಮಿಯಾನವೆಲ್ಲ ನಗು. ಡೈರೆಕ್ಟರ್ ಮಾತ್ರ ನಗಲಿಲ್ಲ. ಸಾಹೇಬರ ಕಡೆ ತಿರುಗಿ, "ಡೀಲರುಗಳು ಒಪ್ಪಲ್ಲ ಅಂದಿದ್ರಲ್ಲ?" ಎಂದರು. ಆಮೇಲೆ ಮೈಕು ಕಿತ್ತು ನನ್ನ ಕೈಗಿತ್ತರು. "ಮಾತಾಡಿ. ನಿಮ್ಮ ಪ್ರಮೋಷನ್ ಆರ್ಡರ್ ಸೋಮವಾರ ಕಳಿಸ್ತೀನಿ."

ಜಾರುತ್ತಿದ್ದ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡೆ. ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ:

"ಎಲ್ಲರಿಗೂ ನಮಸ್ಕಾರ. ನಾನು ನಿಮ್ಮ ಏರಿಯಾ ಮ್ಯಾನೇಜರ್."