ಮೇಲಿನ ಹೊಲ ಯಾರದು?

ವರ್ಡಿ ಸ್ಟರ್ಜಿಲ್ ಅವರನ್ನು ನಾನು ಮೊದಲು ನೋಡಿದ್ದು ಡಿಸೆಂಬರಿನ ಒಂದು ಶನಿವಾರ, ಅವರ ತೋಟದ ಗೇಟಿನ ಬಳಿ. ಉತ್ತರ ಕೆರೊಲಿನಾದ ನಮ್ಮ ಬೆಟ್ಟದ ಶಾಲೆಗೆ ನಾನು ಆ ವರ್ಷವೇ ಮೇಷ್ಟ್ರಾಗಿ ಬಂದಿದ್ದೆ. ಮನೆಗೊಂದು ಕ್ರಿಸ್‌ಮಸ್ ಮರ ಬೇಕಿತ್ತು. ಕಾಲಡಿಯ ಮಣ್ಣು ಚಳಿಗೆ ಕಲ್ಲಾಗಿತ್ತು. ಅವರು ಗಂಡನ ಹಳೆಯ ಕೋಟು ತೊಟ್ಟು, ಉದ್ದವಾದ ತೋಳುಗಳನ್ನು ಮಡಚಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. ಬೆರಳುಗಳೆಲ್ಲ ಮರದ ಅಂಟಿನಿಂದ ಕಪ್ಪಾಗಿದ್ದವು. ನಾನು ಯಾರೆಂದು ಹೇಳುವ ಮೊದಲೇ ಕೇಳಿದರು.

“ನಿಮ್ಮನೆ ಸೂರು ಎಷ್ಟು ಎತ್ತರ?”

ನಾನು ಅಳೆದಿರಲಿಲ್ಲ. ಶಾಲೆಯ ಹೊಸ ಮೇಷ್ಟ್ರು ಎಂದಷ್ಟೇ ಹೇಳಿ, ಸುಮ್ಮನೆ ಒಂದು ಮರ ತೋರಿಸಿದೆ. ಸಾಲಿನ ಆಚೆಯಿಂದ ಅವರ ಗಂಡ ಕ್ಲೇಟ್ ನಕ್ಕರು.

“ಬಯಲಲ್ಲಿ ಎಲ್ಲಾ ಮರಾನೂ ಕುಳ್ಳಗೇ ಕಾಣೋದು ಮೇಷ್ಟ್ರೇ. ಮನೆಗೆ ತಗೊಂಡೋಗಿ ಸೂರಿಗೆ ತೂತು ಹೊಡೀತೀರ!”

“ನೀನು ಸುಮ್ನಿರು. ಹೋದ ವರ್ಷ ನಮ್ಮನೇಗೇ ನೀನು ತಂದ ಮರ ಬಾಗಿಲಲ್ಲಿ ಸಿಕ್ಕಾಕ್ಕೊಳ್ತು,” ಎಂದರು ವರ್ಡಿ.

“ಬಾಗಿಲು ಚಿಕ್ಕದು ಕಣೇ, ಮರದ್ದೇನು ತಪ್ಪು?”

ಆಮೇಲೆ ನಾನು ಅವರ ಮನೆಯ ಕೆಳಗಿನ ತಿರುವಿನಲ್ಲೇ ಬಾಡಿಗೆಗೆ ಬಂದೆ. ಸಂಜೆ ಅವರ ಜಗಲಿಯಲ್ಲಿ ಕಾಫಿ ಕುಡಿಯುವುದು ರೂಢಿಯಾಯಿತು. ಮಕ್ಕಳಿಲ್ಲದ ಮನೆ. ಎರಡೇ ಹೊಲ: ಮನೆಯ ಪಕ್ಕದಲ್ಲಿ ಕ್ರಿಸ್‌ಮಸ್‌ಗೆ ಮಾರುವ ಎಳೆಯ ಫರ್ ಮರಗಳು, ಮೇಲಿನ ಇಳಿಜಾರಿನಲ್ಲಿ ಕಡಿಯಲು ಬಂದ ಮರಗಳು. ಹತ್ತು ವರ್ಷ ಸಾಕಿದರೆ ಒಂದು ಮರ ಮಾರಾಟಕ್ಕೆ ಬರುತ್ತದೆ. ಅಷ್ಟೂ ವರ್ಷ ಪ್ರತಿ ಬೇಸಿಗೆಯಲ್ಲಿ ಉದ್ದನೆಯ ಕತ್ತಿಯಿಂದ ಸುತ್ತಲೂ ಸವರಿ ಅದಕ್ಕೆ ಆಕಾರ ಕೊಡಬೇಕು. ಒಮ್ಮೆ ಮಾತ್ರ. ಸವರಿದ ಮರವನ್ನೇ ಮತ್ತೆ ಸವರಿದರೆ ಮುಂದಿನ ವರ್ಷದ ಮೊಗ್ಗುಗಳು ಹೋಗುತ್ತವೆ. ಮತ್ತೆ ಮತ್ತೆ ಸವರಿದರೆ ಮರ ಕಂದುಬಣ್ಣದ ಕೋಲಾಗಿ ನಿಲ್ಲುತ್ತದೆ.

ಕ್ಲೇಟ್‌ಗೆ ಎಪ್ಪತ್ತು ದಾಟಿದ ಬೇಸಿಗೆಯಲ್ಲಿ ಮನೆಯ ಪಕ್ಕದ ಹೊಲ ಬಡವಾಗತೊಡಗಿತು. ವರ್ಡಿ ಮೊದಲು ಹುಳು ಬಿತ್ತೆಂದುಕೊಂಡರು. ಒಂದು ಬೆಳಿಗ್ಗೆ ಕ್ಲೇಟ್ ಕತ್ತಿ ತಾಗದಂತೆ ಕಾಲಿಗೆ ಕವಚ ಕಟ್ಟಿಕೊಂಡು, ಕತ್ತಿ ಮಸೆದು, “ನಡಿಯೇ, ಇವತ್ತಿಂದ ಸವರೋಕೆ ಶುರು ಮಾಡೋಣ,” ಎಂದಾಗ ವರ್ಡಿಗೆ ಅರ್ಥವಾಯಿತು. ಆ ಮಾತನ್ನು ಕ್ಲೇಟ್ ಹಿಂದಿನ ದಿನವೂ ಹೇಳಿದ್ದರು. ಅದರ ಹಿಂದಿನ ದಿನವೂ.

ವರ್ಡಿ ಕತ್ತಿ ಬಚ್ಚಿಟ್ಟರು. ಕ್ಲೇಟ್ ಕೊಟ್ಟಿಗೆಯನ್ನೆಲ್ಲ ಹುಡುಕಿ, ಯಾರೋ ಕದ್ದರೆಂದು ಕಣ್ಣೀರು ಹಾಕಿದರು. ಊಟ ಬಿಟ್ಟರು. ಕೊನೆಗೆ ವರ್ಡಿಯೇ ಕತ್ತಿ ತಂದುಕೊಟ್ಟು, ಮನೆ ಪಕ್ಕದ ಹೊಲವನ್ನು ಗಂಡನ ಕೈಗೆ ಬಿಟ್ಟರು. ಮೇಲಿನದನ್ನಾದರೂ ಉಳಿಸಬೇಕಿತ್ತು. ಆ ವರ್ಷದ ಬದುಕು ಅದರಲ್ಲೇ ಇತ್ತು. ಕ್ಲೇಟ್ ಆ ಕಡೆ ಹೆಜ್ಜೆ ಹಾಕಿದಾಗಲೆಲ್ಲ ವರ್ಡಿ, “ಅದು ಡಿಲರ್ಡ್‌ದು, ನಮ್ದಲ್ಲ,” ಎನ್ನುತ್ತಿದ್ದರು. ಡಿಲರ್ಡ್ ಬೆಟ್ಟದ ಮೇಲಿನ ನೆರೆಯವನು, ಅವನೂ ಕ್ರಿಸ್‌ಮಸ್ ಮರ ಬೆಳೆಯುವವನೇ. ಇನ್ನೊಬ್ಬರ ಮರ ಮುಟ್ಟುವ ಮನುಷ್ಯನಲ್ಲ ಕ್ಲೇಟ್. ತಲೆಯಾಡಿಸಿ ಹಿಂದಿರುಗುತ್ತಿದ್ದರು. ಬೇಸಿಗೆಯಿಡೀ ಹೀಗೇ ನಡೆಯಿತು.

ಸೆಪ್ಟೆಂಬರಿನ ಒಂದು ಸಂಜೆ ನಾನೂ ಜಗಲಿಯಲ್ಲಿದ್ದೆ. ಕ್ಲೇಟ್ ಕೋಲುಗಳಂತೆ ನಿಂತ ತಮ್ಮ ಮರಗಳನ್ನು ನೋಡಿದರು. ಆಮೇಲೆ ಮೇಲಿನ ಹಸಿರನ್ನು ನೋಡಿದರು.

“ಡಿಲರ್ಡ್ ಚೆನ್ನಾಗಿ ಬೆಳ್ಸಿದಾನೆ. ವರ್ಡಿ, ನಮ್ದು ಇಷ್ಟೇನಾ?”

“ಇಷ್ಟೇ,” ಎಂದರು ವರ್ಡಿ, ಅಭ್ಯಾಸದಿಂದ.

“ಜೀವಮಾನ ಎಲ್ಲಾ ದುಡಿದು ಇಷ್ಟೇನಾ ಮಾಡಿದ್ದು ನಾನು? ಪಾಪ, ನಿನಗೆ ಒಳ್ಳೇ ಗಂಡ ಸಿಗ್ಲಿಲ್ಲ ಕಣೇ.”

ವರ್ಡಿ ಲೋಟ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಅವರೇ ಗಂಡನ ಕಾಲಿಗೆ ಕವಚ ಕಟ್ಟಿ, ಕೈಹಿಡಿದು ಮೇಲಿನ ಹೊಲಕ್ಕೆ ಕರೆದುಕೊಂಡು ಹೋದರು. “ಇದೂ ನಮ್ದೇ ಕ್ಲೇಟ್. ನೀನೇ ಬೆಳ್ಸಿದ್ದು. ಸವರು.”

ಸುದ್ದಿ ತಿಳಿದು ಡಿಲರ್ಡ್ ಓಡಿಬಂದ. “ತಲೆ ಕೆಟ್ಟಿದ್ಯಾ ಅಕ್ಕಾ? ಇನ್ನೆರಡು ತಿಂಗಳಿಗೆ ಕಡಿಯೋ ಮರ! ಈ ಸಲ ಗೇಟಲ್ಲಿ ಕೂತು ಏನು ಮಾರ್ತೀಯ, ಸೌದೇನಾ?”

“ಹೋದ್ರೆ ಮರ ಹೋಗತ್ತೆ. ಏನೂ ಮಾಡ್ಲಿಲ್ಲ ಅಂದ್ಕೊಂಡು ಅವನು ಸಾಯೋದು ಬೇಡ.”

ಕ್ಲೇಟ್ ಆ ದಿನ ಶಿಳ್ಳೆ ಹಾಕುತ್ತ ಸವರಿದರು. ಮಾರನೆಯ ದಿನವೂ ಮೊದಲ ಸಾಲಿನಿಂದಲೇ ಶುರುಮಾಡಿದರು. ವರ್ಡಿ ತಡೆಯದೆ ಹಿಂದೆ ಹಿಂದೆ ನಡೆದು ಬಿದ್ದ ಚಿಗುರು ಗುಡಿಸಿದರು. ಆ ವಾರ ಮುಗಿಯುವ ಮೊದಲೇ ಮುಂಭಾಗದ ಸಾಲುಗಳೆಲ್ಲ ಕೆಟ್ಟಿದ್ದವು.

ಒಂದು ಬೆಳಿಗ್ಗೆ ಕ್ಲೇಟ್ ಹೊಲದ ಬಾಯಲ್ಲಿ ನಿಂತುಬಿಟ್ಟರು. ಒಳಗೆ ಕಾಲಿಡಲೊಲ್ಲರು.

“ಬಾರೇ ವಾಪಸ್ಸು. ಇದು ಡಿಲರ್ಡ್‌ದಲ್ವಾ?”

“ಅಲ್ಲ ಕ್ಲೇಟ್, ನಮ್ದು. ನಿನ್ನೆ ಎಲ್ಲಾ ಇಲ್ಲೇ ಇದ್ದೆ ನೀನು.”

“ಸುಳ್ಳು ಹೇಳ್ಬೇಡ. ನೀನೇ ತಾನೆ ಹೇಳಿದ್ದು, ನಮ್ದಲ್ಲ ಅಂತ?”

ಬೇಸಿಗೆಯಿಡೀ ಕೇಳಿದ ಆ ಒಂದು ಮಾತು ಮಾತ್ರ ಅವರ ತಲೆಯಲ್ಲಿ ಬೇರು ಬಿಟ್ಟಿತ್ತು. ವರ್ಡಿ ದಿನಾ ಹೇಳಿದರು, ಬೇಡಿಕೊಂಡರು. ಮರಗಳ ನಡುವೆ ಒಬ್ಬರೇ ನಿಂತು, “ಇಲ್ನೋಡು, ನಿನ್ನ ಕೈ ಕೆಲಸ,” ಎಂದು ಕೂಗಿದರು. ಕ್ಲೇಟ್ ಬೇಲಿ ದಾಟಲಿಲ್ಲ. ಹಿಂದೆ ಉಳಿದ ಕೆಲವು ಹಸಿರು ಸಾಲುಗಳು ಮಾರಾಟಕ್ಕೆ ಸಾಲದಾದವು; ಆ ಡಿಸೆಂಬರಿನಲ್ಲಿ ಗೇಟು ತೆರೆಯಲಿಲ್ಲ. ಫೆಬ್ರವರಿಯಲ್ಲಿ ಎದೆಗೆ ಶೀತ ಹಿಡಿದು ಕ್ಲೇಟ್ ತೀರಿಕೊಂಡರು. ಅದರ ಹಿಂದಿನ ವಾರ ನಾನು ಹೋದಾಗ ಅವರು ಮೇಲಿನ ಹೊಲ ಕಾಣುವ ಕಿಟಕಿಯತ್ತ ಕೈತೋರಿ, “ನಮಗೆ ಅಂಥದ್ದೊಂದು ಹೊಲ ಇರ್ಬೇಕಿತ್ತು ಮೇಷ್ಟ್ರೇ,” ಎಂದಿದ್ದರು. ವರ್ಡಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

ಕೋಲಾದ ಮರಗಳನ್ನೂ ಉಳಿದವನ್ನೂ ಡಿಲರ್ಡ್ ಬುಡಸಮೇತ ಕಿತ್ತುಕೊಟ್ಟ. ಹೊಸ ಸಸಿ ತಂದುಕೊಡುತ್ತೇನೆ ಎಂದ. ವರ್ಡಿ ಬೇಡವೆಂದರು.

ವರ್ಡಿ ಈಗ ಎರಡೂ ಹೊಲಗಳಲ್ಲಿ ಎಲೆಕೋಸು ಬೆಳೆಯುತ್ತಾರೆ. ನವೆಂಬರ್ ಬಂತೆಂದರೆ ಡಿಲರ್ಡ್‌ನ ಶೆಡ್ಡಿನಲ್ಲಿ ಕೂಲಿಗೆ ಬಂದ ಉಳಿದ ಹೆಂಗಸರ ಜೊತೆ ಕೂತು, ಬಾಗಿಲಿಗೆ ತೂಗುಹಾಕುವ ಫರ್ ಕೊಂಬೆಯ ದುಂಡು ಹಾರಗಳನ್ನು ಕಟ್ಟುತ್ತಾರೆ.